ಕೇಳಿ ನಕ್ಕಿದ್ದನ್ನು ತೆರೆ ಮೇಲೆ ತೋರಿಸುವುದು ಹೇಗೆ?

(ತೆರೆ ಪೂರ್ತಿ ಕಪ್ಪು. ಬಾಗಿಲು ತೆಗೆದ ಸದ್ದು. ಸಾಮಾನುಗಳು ದಡಬಡ ಬೀಳುತ್ತವೆ. ಒಂದು ಕ್ಷಣ ಮೌನ. ಪುಟ್ಟ ಗಂಟೆ: ಟಿಣ್!)

ನಮಸ್ಕಾರ. 1940ರ ದಶಕದಲ್ಲಿ ಅಮೆರಿಕದ ಮನೆಮಂದಿಯೆಲ್ಲ ಈ ಸದ್ದಿಗೆ ನಗುತ್ತಿದ್ದರು. ಕಾರ್ಯಕ್ರಮ ‘ಫಿಬ್ಬರ್ ಮೆಕ್‌ಗೀ ಅಂಡ್ ಮಾಲಿ’. ರೇಡಿಯೋದಲ್ಲಿ 1935ರಲ್ಲಿ ಶುರುವಾಯಿತು. ಗಂಡ ಬಡಾಯಿಕೋರ, ಹೆಂಡತಿ ಜಾಣೆ. ಆ ಪಾತ್ರಗಳನ್ನು ಮಾಡಿದ ಜಿಮ್ ಮತ್ತು ಮೇರಿಯನ್ ಜೋರ್ಡನ್ ನಿಜವಾಗಿಯೂ ಗಂಡ ಹೆಂಡತಿ.

ಫಿಬ್ಬರ್ ಕಪಾಟಿನ ಬಾಗಿಲು ತೆಗೆದರೆ ಸಾಕು, ತುರುಕಿಟ್ಟಿದ್ದೆಲ್ಲ ಮೈಮೇಲೆ! ಎಲ್ಲ ಬಿದ್ದು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಆ ಗಂಟೆ. ಎಂಥಾ ಲೆಕ್ಕಾಚಾರ ನೋಡಿ. ಒಳಗೆ ಏನೇನಿತ್ತು? ಕೇಳಿದ ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಕಪಾಟು. ಕ್ಯಾಮೆರಾ ತೋರಿಸಬಹುದಾದದ್ದು ಒಂದನ್ನು ಮಾತ್ರ. ರೇಡಿಯೋ ಹಾಸ್ಯವನ್ನು ಸಿನಿಮಾ ಮಾಡುವವರ ಕಷ್ಟ ಇದೇ.

(ಪೋಸ್ಟರ್: ‘ಲುಕ್ ಹೂಸ್ ಲಾಫಿಂಗ್’, 1941)

ಆರ್‌ಕೆಒ ಸ್ಟುಡಿಯೋ ಈ ಜೋಡಿಯ ಜೊತೆ ಎಡ್ಗರ್ ಬರ್ಗನ್‌ನನ್ನೂ ಸೇರಿಸಿತು. ಈತ ಗೊಂಬೆಗೆ ಮಾತು ಕೊಡುವ ಕಲಾವಿದ. ಅದೂ ರೇಡಿಯೋದಲ್ಲಿ! ತುಟಿ ಅಲ್ಲಾಡಿದರೂ ಕಾಣುವುದಿಲ್ಲ, ಅಲ್ವಾ? ಆದರೂ ಜನ ಅವನ ಗೊಂಬೆ ಚಾರ್ಲಿ ಮೆಕಾರ್ಥಿಗೆ ಮನಸೋತಿದ್ದರು, ಯಾಕೆಂದರೆ ಚಾರ್ಲಿಯ ನಾಲಿಗೆ ಅಷ್ಟು ಚುರುಕು. ಬರ್ಗನ್‌ನ ತುಟಿ ಅಲ್ಲಾಡುವುದನ್ನು ಆ ಗೊಂಬೆಯೇ ಆಡಿಕೊಳ್ಳುತ್ತಿತ್ತು. ಈ ಸಿನಿಮಾದಲ್ಲಿ ಲೂಸಿಲ್ ಬಾಲ್ ಕೂಡ ಇದ್ದಾರೆ, ಟಿವಿಯಲ್ಲಿ ಮನೆಮಾತಾಗುವುದಕ್ಕೆ ಹತ್ತು ವರ್ಷ ಮುಂಚೆ.

ಎಲ್ಲವೂ ನಗುವ ಕಥೆಯಲ್ಲ. ‘ಏಮಸ್ ಅಂಡ್ ಆಂಡಿ’ ಕಾರ್ಯಕ್ರಮದಲ್ಲಿ ಇಬ್ಬರು ಬಿಳಿಯರು ಕಪ್ಪು ಜನರ ಹಾಗೆ ಮಾತಾಡುತ್ತಿದ್ದರು. 1930ರ ಸಿನಿಮಾಕ್ಕೆ ಮುಖಕ್ಕೆ ಕಪ್ಪು ಬಳಿದುಕೊಂಡು ಬಂದರು. ರೇಡಿಯೋದಲ್ಲೂ ಅದು ಅವಮಾನವೇ. ತೆರೆ ಮೇಲೆ ಕಣ್ಣಿಗೇ ರಾಚಿತು.

ಹಾಗಾದರೆ ದಾರಿ ಏನು? ನನಗೆ ತುಂಬಾ ಇಷ್ಟವಾದ ಉತ್ತರ 1949ರ ‘ಮೈ ಫ್ರೆಂಡ್ ಇರ್ಮಾ’. ರೇಡಿಯೋದಲ್ಲಿ ಇರ್ಮಾ ಆಗಿದ್ದ ಮೇರಿ ವಿಲ್ಸನ್ ಅವರೇ ಇಲ್ಲೂ ನಾಯಕಿ. ಆದರೆ ಮಿಂಚಿದ್ದು ಹೊಸಬರು: ಡೀನ್ ಮಾರ್ಟಿನ್, ಜೆರ್ರಿ ಲೂಯಿಸ್. ಜೋಡಿಯಾಗಿ ಇದು ಅವರ ಮೊದಲ ಸಿನಿಮಾ. ಜೆರ್ರಿಯ ಪಾತ್ರ ರೇಡಿಯೋದಲ್ಲಿ ಇರಲೇ ಇಲ್ಲ, ಸಿನಿಮಾಕ್ಕೆಂದೇ ಬರೆದದ್ದು. ಅವನ ಮುಖ, ಕೈಕಾಲು, ನಡಿಗೆ, ಎಲ್ಲವೂ ನಗಿಸುತ್ತವೆ. ಅದನ್ನು ಬರೀ ಕೇಳಿದರೆ ಏನೂ ಸಿಗುವುದಿಲ್ಲ, ನೋಡಲೇಬೇಕು. ಮರುವರ್ಷವೇ ಎರಡನೇ ಭಾಗವೂ ಬಂತು. ನೀವು ಮೊದಲನೆಯದರಿಂದ ಶುರು ಮಾಡಿ.