ದಿನ ಹೇಳಿ, ದ್ವೀಪ ಹೇಳಬೇಡಿ

ನಮಸ್ಕಾರ. ಸಕಲೇಶಪುರದ ನಮ್ಮ ಮನೆಯಲ್ಲಿ ಕೂತು ಇದನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಹೊರಗೆ ಜೋರು ಮಳೆ, ಹಂಚಿನ ಮೇಲೆ ಬೀಳುವ ಸದ್ದು ನಿಮಗೂ ಕೇಳಿಸಬಹುದು. ಗಣಪತಿ ಹಬ್ಬ ಮುಗಿದ ಮೇಲೆ ನಾನು, ನನ್ನ ಗಂಡ ಮತ್ತೆ ಗ್ರೀಸಿಗೆ ಹೋಗುತ್ತೇವೆ. ಅಲ್ಲಿ ನಮ್ಮದೊಂದು ಹಳೇ ಹಾಯಿದೋಣಿ ಇದೆ, 36 ಅಡಿ ಉದ್ದ. ಯುರೋಪಿನ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, ಅಷ್ಟರೊಳಗೆ ಎಷ್ಟು ದಿನ ಆಗುತ್ತದೋ ಅಷ್ಟು ದಿನ ಅದೇ ನಮ್ಮ ಮನೆ.

ದೋಣಿ ಇದೆ ಅಂದ ತಕ್ಷಣ ಎಲ್ಲರೂ ಕೇಳುತ್ತಾರೆ, ನಾವೂ ಬರಬಹುದಾ ಅಂತ. ಖಂಡಿತ ಬನ್ನಿ. ಆದರೆ ಕರೆಯುವವರು ಹೇಗೆ ಕರೆಯಬೇಕು ಅನ್ನುವುದರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ತಪ್ಪು ಮಾಡಿ ಕಲಿತದ್ದು ಅದು.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಕೈಗೆ ಕೊಡುವುದು ನೀರು. ಕಾಲಿಗೆ ಒಂದು ಚೊಂಬು, ಕುಡಿಯಲು ಒಂದು ಲೋಟ, ಜೊತೆಗೊಂದು ಬೆಲ್ಲದ ಚೂರು. ಹಾಸನದಲ್ಲಿ ನನ್ನ ಜೊತೆ ಕಾಲೇಜು ಓದಿದ ಗೆಳತಿ, ಅವಳ ಗಂಡ, ಮಗಳು ಮೊದಲ ಸಲ ದೋಣಿ ಹತ್ತಿದ ದಿನ ನಾನು ಹೇಳಬೇಕಿದ್ದ ಮೊದಲ ಮಾತು "ನೀರು ಕಮ್ಮಿ ಬಳಸಿ" ಅನ್ನುವುದು. ನನಗೆ ಬಾಯಿ ಬರಲಿಲ್ಲ. ಅಷ್ಟು ದೂರದಿಂದ ಬಂದವಳಿಗೆ ನೀರಿನ ಲೆಕ್ಕ ಹೇಳುವುದಾ? ಸುಮ್ನಿದ್ದೆ. ನಮ್ಮ ಟ್ಯಾಂಕು 300 ಲೀಟರಿನದು. ಇಬ್ಬರೇ ಇದ್ದರೆ ಹತ್ತು ದಿನಕ್ಕೆ ಸಾಕು. ಐದು ಜನ ಮನೆಯಲ್ಲಿ ಬಳಸಿದ ಹಾಗೇ ಬಳಸಿದರು, ಮೂರನೇ ದಿನ ಬೆಳಗ್ಗೆ ನಲ್ಲಿಯಲ್ಲಿ ಬರೀ ಗಾಳಿ ಬಂತು. ಆ ಹುಡುಗಿ ತಲೆ ತುಂಬಾ ಶಾಂಪೂ ನೊರೆ ಇಟ್ಟುಕೊಂಡು ನಿಂತಿತ್ತು. ಅವತ್ತು ಆದ ಸಂಕಟ ನನಗೆ ಇನ್ನೂ ಮರೆತಿಲ್ಲ.

ಅದು ಸಣ್ಣದು. ದೊಡ್ಡದು ದಿನಾಂಕದ ವಿಷಯ.

ಕಾಫಿ ತೋಟದವರಿಗೆ ಪುರುಸೊತ್ತು ಸಿಗುವುದು ಮಳೆಗಾಲದಲ್ಲಿ ಮಾತ್ರ. ನವೆಂಬರಿನಲ್ಲಿ ಕಾಫಿ ಹಣ್ಣು ಕೊಯ್ಲು ಶುರುವಾದರೆ ಫೆಬ್ರುವರಿ ತನಕ ಯಾರೂ ಅಲ್ಲಾಡುವ ಹಾಗಿಲ್ಲ, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯಬೇಕು. ಹಾಗಾಗಿ ಗೆಳತಿಯ ಮನೆಯವರು ಬಂದದ್ದು ಜುಲೈನಲ್ಲಿ. ಜುಲೈ, ಆಗಸ್ಟಿನಲ್ಲಿ ಗ್ರೀಸಿನ ಏಜಿಯನ್ ಸಮುದ್ರದಲ್ಲಿ ಮಳೆ ಇರುವುದಿಲ್ಲ, ಮೆಲ್ಟೆಮಿ ಇರುತ್ತದೆ. ಉತ್ತರದಿಂದ ಬೀಸುವ ಗಾಳಿ ಅದು. ಆಕಾಶ ತಿಳಿ ನೀಲಿ, ಹುಡುಕಿದರೂ ಒಂದು ಮೋಡ ಸಿಗುವುದಿಲ್ಲ, ಆದರೂ ಗಾಳಿ 30 ನಾಟ್ ದಾಟುತ್ತದೆ, ಅಂದರೆ ಗಂಟೆಗೆ 55 ಕಿಲೋಮೀಟರ್, ಅದೂ ದಿನಗಟ್ಟಲೆ. ಕೆಲವು ಸಲ ದೊಡ್ಡ ಫೆರಿಗಳೇ ಬಂದರು ಬಿಡುವುದಿಲ್ಲ. ಮೋಡ ನೋಡಿ ಮಳೆ ಹೇಳುವ ನಮ್ಮಂಥವರಿಗೆ, ಅಷ್ಟು ಚೆಂದದ ಬಿಸಿಲಲ್ಲಿ "ಇವತ್ತು ಹೊರಡುವ ಹಾಗಿಲ್ಲ" ಅಂದರೆ ನಂಬುವುದೇ ಕಷ್ಟ.

ನಾನೇ ಅವರಿಗೆ ಮಿಕೊನೋಸ್ ದ್ವೀಪ ತೋರಿಸುತ್ತೇನೆ ಅಂದಿದ್ದೆ. ನನ್ನ ಮಾತು ನಂಬಿ ಆರನೇ ದಿನಕ್ಕೆ ಅಲ್ಲಿಂದ ವಿಮಾನದ ಟಿಕೆಟ್ ತೆಗೆದಿದ್ದರು. ಅಥೆನ್ಸಿನ ಬಂದರಿನಿಂದ ಮಿಕೊನೋಸಿಗೆ ಸುಮಾರು 165 ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಇಷ್ಟೇ ಅಲ್ವಾ, ಮೂರು ಗಂಟೆಯ ದಾರಿ. ನಮ್ಮ ದೋಣಿ ಹೋಗುವುದು ಗಂಟೆಗೆ ಒಂಬತ್ತು ಕಿಲೋಮೀಟರ್, ಗಾಳಿ ಒಪ್ಪಿದರೆ. ದಾರಿಯಲ್ಲಿ ಸಿಗುವ ಕಿಯಾ ದ್ವೀಪದಲ್ಲಿ ಎರಡು ದಿನ ಕಾದೆವು. ಮೂರನೇ ದಿನ, ಟಿಕೆಟ್ ಹಾಳಾಗುತ್ತದೆ ಅನ್ನುವ ಒಂದೇ ಕಾರಣಕ್ಕೆ, ಗಾಳಿ ಇಳಿಯದಿದ್ದರೂ ಮುಂದಿನ ಸಿರೋಸ್ ದ್ವೀಪದ ಕಡೆ ಹೊರಟೆವು. ಹೊರಡಬಾರದಿತ್ತು. ಅಲೆ ಪಕ್ಕದಿಂದ ಬಂದು ಡೆಕ್ ಮೇಲೆ ಒಡೆಯುತ್ತಿತ್ತು, ಮಗು ಅಮ್ಮನ ಲೈಫ್ ಜಾಕೆಟ್ಟಿನ ಪಟ್ಟಿ ಹಿಡಿದುಕೊಂಡು ಬಿಡಲೇ ಇಲ್ಲ, ಗೆಳತಿ ಒಂದು ಮಾತೂ ಆಡಲಿಲ್ಲ. ಎರಡು ಗಂಟೆ ಆದ ಮೇಲೆ ವಾಪಸ್ ತಿರುಗಿಸಿದೆವು. ಮಾರನೇ ದಿನ ಗಾಳಿ ಸ್ವಲ್ಪ ಇಳಿದಾಗ ಅವರು ಫೆರಿ ಹತ್ತಿ, ಒಂದು ಗಂಟೆ ದೂರದ ಲಾವ್ರಿಯೋ ಬಂದರಿಗೆ ಹೋದರು. ಟಿಕೆಟ್ ದುಡ್ಡು ಹೋಯಿತು.

ಹಾಯಿದೋಣಿ ನಡೆಸುವವರು ಹೇಳುವ ಮಾತೊಂದಿದೆ: ಬರುವವರು ಜಾಗ ಕೇಳಲಿ, ಇಲ್ಲಾ ದಿನ ಕೇಳಲಿ, ಎರಡನ್ನೂ ಕೇಳಬಾರದು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ರಜೆ ಹಾಕಿ ಬರುವವರಿಗೆ ದಿನ ಬಿಟ್ಟುಕೊಡಲು ಆಗುವುದಿಲ್ಲ. ಅದಕ್ಕೇ ದ್ವೀಪದ ಹೆಸರನ್ನೇ ಎತ್ತಬೇಡಿ. ಸಾಂಟೊರಿನಿ ಅಂತೂ ಬೇಡವೇ ಬೇಡ. ಅಲ್ಲಿನ ಜ್ವಾಲಾಮುಖಿಯ ಬಾಯಲ್ಲಿ ಆಳ 300 ಮೀಟರಿಗೂ ಜಾಸ್ತಿ, ನಮ್ಮಂಥ ದೋಣಿಯ ಲಂಗರಿಗೆ ನೆಲವೇ ಸಿಗುವುದಿಲ್ಲ.

ಇದನ್ನೆಲ್ಲ ಮೊದಲೇ ಹೇಳಿದರೆ ಯಾರು ಬರುತ್ತಾರೆ, ನೆಂಟರನ್ನು ಕರೆಯುವ ರೀತಿಯಾ ಇದು ಅಂತ ನಮ್ಮತ್ತೆ ಕೇಳಿದರು. ಅವರ ಮಾತಿನ ಹಿಂದೆ ಇರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮಳೆಗಾಲದಲ್ಲಿ ತೋಟಕ್ಕೆ ಬರುವವರಿಗೆ ಇಂಬಳ ಇದೆ, ಉಪ್ಪು, ಉದ್ದ ಕಾಲುಚೀಲ ಇಟ್ಟುಕೊಳ್ಳಿ ಅಂತ ನಾವು ಮೊದಲೇ ಹೇಳುವುದಿಲ್ವಾ? ಹೇಳಿದ್ದಕ್ಕೆ ಯಾರೂ ಬರುವುದು ಬಿಟ್ಟಿಲ್ಲ. ಹಾಗೇ ಇದೂ. ಕಕ್ಕಸಿನ ಪೈಪು ಸಣ್ಣದು, ಪೇಪರ್ ಅದರೊಳಗೆ ಹಾಕಬಾರದು. ಗಟ್ಟಿ ಸೂಟ್‌ಕೇಸ್ ಇಡಲು ಜಾಗವಿಲ್ಲ, ಮಡಚುವ ಬ್ಯಾಗ್ ತನ್ನಿ. ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡುವವರಾದರೆ ಡಾಕ್ಟರನ್ನು ಕೇಳಿ ಮಾತ್ರೆ ತನ್ನಿ, ಅದನ್ನು ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿ ಲಾಭವಿಲ್ಲ. ಫೋನಿನಲ್ಲಿ ಹತ್ತು ನಿಮಿಷದ ಮಾತು, ಟಿಕೆಟ್ ತೆಗೆಯುವ ಮೊದಲು.

ಹೋದ ವರ್ಷ ಅದೇ ಗೆಳತಿಯನ್ನು ಮತ್ತೆ ಕರೆದೆ. ಸೆಪ್ಟೆಂಬರಿನಲ್ಲಿ, ಮೆಲ್ಟೆಮಿ ಇಳಿಯುವ ಹೊತ್ತಿಗೆ.

"ಈ ಸಲ ಯಾವ ದ್ವೀಪ ಕಣೇ?" ಅಂದಳು.

"ಗಾಳಿ ನೋಡಿ ಹೇಳ್ತೀನಿ. ನೀನು ಅಥೆನ್ಸಿಗೆ ಬಾ, ಅಥೆನ್ಸಿನಿಂದಲೇ ವಾಪಸ್ ಟಿಕೆಟ್ ಮಾಡಿಸು" ಅಂದೆ.

ಅಥೆನ್ಸಿನ ಪಕ್ಕದ ಸರೋನಿಕ್ ಕೊಲ್ಲಿಯಲ್ಲೇ ಉಳಿದೆವು. ಗಾಳಿಗೆ ಅಲ್ಲಿ ಅಷ್ಟು ಜೋರಿಲ್ಲ, ಬೇಕಾದಾಗ ಅಥೆನ್ಸಿಗೆ ಫೆರಿಯೂ ಸಿಗುತ್ತದೆ. ಈಜಿನಾ ದ್ವೀಪದಲ್ಲಿ ಪಿಸ್ತಾ ತೋಟ ನೋಡಿ ಅವಳ ಗಂಡ ಪ್ರತಿ ಗಿಡದ ಹತ್ತಿರ ನಿಂತರು, ಕರೆದುಕೊಂಡು ಬರುವುದೇ ಕಷ್ಟವಾಯಿತು. ಪೋರೋಸ್‌ನಲ್ಲಿ ಒಂದು ರಾತ್ರಿ ಅಂದುಕೊಂಡವರು ನಾಲ್ಕು ರಾತ್ರಿ ಇದ್ದೆವು, ಯಾರಿಗೂ ಹೊರಡಲು ಮನಸ್ಸಾಗಲಿಲ್ಲ. ಕಾರೇ ಇಲ್ಲದ, ಹೇಸರಗತ್ತೆ ಮೇಲೆ ಸಾಮಾನು ಹೊರುವ ಹೈಡ್ರಾಕ್ಕೆ ಅಲ್ಲಿಂದಲೇ ಫೆರಿಯಲ್ಲಿ ಹೋಗಿ ಬಂದರು. ಸಂಜೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆವು. ತಟ್ಟೆಗಳನ್ನು ಅವಳೇ ಸಮುದ್ರದ ನೀರಲ್ಲಿ ತೊಳೆದು, ಕೊನೆಗೆ ಅರ್ಧ ಲೋಟ ಸಿಹಿನೀರಲ್ಲಿ ಜಾಲಿಸಿ ಇಡುತ್ತಿದ್ದಳು.

ಹೊರಡುವ ದಿನ ಬೆಳಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಳು. ಇನ್ನೂ ನೀರಿತ್ತು.

"ಮಗಳಿಗೆ ತಲೆಸ್ನಾನ ಮಾಡಿಸಲಾ?" ಅಂತ ಕೇಳಿದಳು.

ಎಷ್ಟು ಬೇಕೋ ಅಷ್ಟು ಹಾಕೇ ಅಂದೆ.