ಅರವತ್ತರ ಮೇಲೆ ತೂಕ ಇಳಿಸುವುದು: ತೂಕದ ಯಂತ್ರ ಹೇಳದ ಲೆಕ್ಕ

ನಮಸ್ಕಾರ. ಅರವತ್ತು ದಾಟಿದವರ ಮೊಬೈಲಿಗೆ ಈಗ ದಿನಕ್ಕೊಂದು ಆಹಾರಕ್ರಮ ಬಂದು ಬೀಳುತ್ತದೆ. ಬೆಳಿಗ್ಗೆ ಒಬ್ಬರು ಪಿಷ್ಟ ಬಿಟ್ಟು ಕೊಬ್ಬು ಹೆಚ್ಚು ತಿನ್ನುವ ಕೀಟೋ ಎನ್ನುತ್ತಾರೆ, ಮಧ್ಯಾಹ್ನ ಇನ್ನೊಬ್ಬರು ದಿನಕ್ಕೆ ಹದಿನಾರು ಗಂಟೆ ಉಪವಾಸವಿರಿ ಎನ್ನುತ್ತಾರೆ, ರಾತ್ರಿ ಮಲಗುವ ಹೊತ್ತಿಗೆ ಮೂರನೆಯವರು ಹಸಿರು ರಸದ ಲೋಟ ಹಿಡಿದುಕೊಂಡು, ದೇಹದ ವಿಷವನ್ನೆಲ್ಲ ತೊಳೆದು ಹಾಕುವುದಾಗಿ ಭರವಸೆ ಕೊಡುತ್ತಾರೆ. ಹೀಗೆ ಹೇಳುವವರಲ್ಲಿ ಬಹಳಷ್ಟು ಮಂದಿ ಮೂವತ್ತರ ಆಸುಪಾಸಿನವರು. ಅವರ ಸಲಹೆ ಅವರ ಮೈಗೆ ಒಗ್ಗಿರಬಹುದು. ನಮ್ಮ ವಯಸ್ಸಿನವರು ಅದನ್ನು ಹಾಗೆಯೇ ಅನುಸರಿಸುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು: ಕಿಲೋಗಳು ಇಳಿದವು ಸರಿ, ಹೋದದ್ದು ಕೊಬ್ಬೋ, ಸ್ನಾಯುವೋ? ಇಂದಿನ ಕಂತು ಪೂರ್ತಿ ಈ ಪ್ರಶ್ನೆಗೇ ಮೀಸಲು.

‘ವಯಸ್ಸಾಯಿತು, ಚಯಾಪಚಯ ನಿಧಾನವಾಯಿತು, ಅದಕ್ಕೇ ಮೈ ಬಂತು’ ಎಂಬ ಮಾತನ್ನು ನಲವತ್ತು ದಾಟಿದವರು ಒಂದಲ್ಲ ಒಂದು ಸಲ ಆಡಿಯೇ ಇರುತ್ತಾರೆ. ಚಯಾಪಚಯವೆಂದರೆ ದೇಹ ಆಹಾರವನ್ನು ಶಕ್ತಿಯಾಗಿಸಿ ಖರ್ಚು ಮಾಡುವ ಕ್ರಿಯೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವು ಎಂಟು ದಿನದ ಕೂಸಿನಿಂದ ಹಿಡಿದು 95 ವರ್ಷದ ವೃದ್ಧರವರೆಗೆ, 29 ದೇಶಗಳ 6,400ಕ್ಕೂ ಹೆಚ್ಚು ಜನರು ದಿನವೊಂದಕ್ಕೆ ಖರ್ಚು ಮಾಡುವ ಶಕ್ತಿಯ ಅಳತೆಗಳನ್ನು ಒಟ್ಟುಗೂಡಿಸಿ ನೋಡಿತು. ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60 ವರ್ಷದವರೆಗೆ ಈ ಖರ್ಚು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಅಲ್ಲಿಂದಾಚೆಗೆ ವರ್ಷಕ್ಕೆ ಸುಮಾರು ಶೇಕಡಾ 0.7ರಂತೆ ಇಳಿಯುತ್ತದೆ ಎಂದು ಅದರಲ್ಲಿ ಕಂಡುಬಂತು. ಹಾಗಾಗಿ ನಲವತ್ತೈದರಲ್ಲಿ ಬಂದ ಹೊಟ್ಟೆಗೆ ಚಯಾಪಚಯವನ್ನು ದೂರುವುದು ಅನ್ಯಾಯ. ಅರವತ್ತರ ನಂತರ ಮಾತ್ರ ಆ ದೂರಿನಲ್ಲಿ ಸ್ವಲ್ಪ ಹುರುಳಿದೆ.

ಸ್ನಾಯುವಿನ ಕಥೆ ಇದಕ್ಕಿಂತ ಮುಂಚೆಯೇ ಶುರುವಾಗಿರುತ್ತದೆ. ಮೂವತ್ತು ದಾಟಿದ ಮೇಲೆ ಪ್ರತಿ ದಶಕಕ್ಕೆ ಸರಿಸುಮಾರು ಶೇಕಡಾ 3ರಿಂದ 8ರಷ್ಟು ಸ್ನಾಯು ಸದ್ದಿಲ್ಲದೆ ಕರಗುತ್ತದೆ, ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚುತ್ತದೆ. ಇದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರನ್ನು ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಸೂಚಿಸಿದ್ದು 1989ರ ಸುಮಾರಿಗೆ. ಕರಗಿದ ಸ್ನಾಯುವಿನ ಜಾಗದಲ್ಲಿ ಕೊಬ್ಬು ಬಂದು ಕೂತರೆ ತೂಕ ಎಳ್ಳಷ್ಟೂ ಬದಲಾಗದಿರಬಹುದು. ತೂಕದ ಯಂತ್ರಕ್ಕೆ ಕೊಬ್ಬೂ ಒಂದೇ, ಸ್ನಾಯುವೂ ಒಂದೇ, ಕುಡಿದ ನೀರೂ ಒಂದೇ.

ಈಗ ತೆರೆಯ ಮೇಲೆ ನೀವು ನೋಡುತ್ತಿರುವುದು ತೋಳಿಲ್ಲದ ಒಂದು ಸಾಮಾನ್ಯ ಕುರ್ಚಿ. ಅದರ ಬೆನ್ನು ಗೋಡೆಗೆ ತಾಗಿದೆ, ಜಾರಬಾರದೆಂದು. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, ಪಾದಗಳನ್ನು ನೆಲಕ್ಕೆ ಊರಿ, ಕೈಯ ಆಸರೆಯಿಲ್ಲದೆ ಐದು ಸಲ ಪೂರ್ತಿ ಎದ್ದು ಪೂರ್ತಿ ಕೂರಬೇಕು. ನನ್ನ ಮೊಣಕಾಲು ಮೂರನೆಯ ಸಲಕ್ಕೇ ಗೊಣಗಲು ಆರಂಭಿಸುವುದು ನಿಮಗೆ ಕೇಳಿಸಿರಲೂಬಹುದು. ಐದು ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ತಗ್ಗಿದೆ ಎಂದು ಯುರೋಪಿನ ತಜ್ಞರ ಮಾರ್ಗಸೂಚಿ ಪರಿಗಣಿಸುತ್ತದೆ. ತೂಕ ಇಳಿಸಲು ಹೊರಟವರು ಮೊದಲ ದಿನವೇ ಇದನ್ನು ಮಾಡಿ ಬರೆದಿಟ್ಟುಕೊಳ್ಳಲಿ. ಪಕ್ಕದಲ್ಲಿ ಒಬ್ಬರು ನಿಂತಿರುವುದು ಒಳ್ಳೆಯದು. ಕಿಲೋ ಇಳಿಯುತ್ತಾ ಸೆಕೆಂಡು ಏರುತ್ತಾ ಹೋದರೆ, ಆ ಆಹಾರಕ್ರಮ ಎಷ್ಟೇ ಹೆಸರುವಾಸಿಯಾಗಿರಲಿ, ನಮಗೆ ನಷ್ಟವನ್ನೇ ಮಾಡುತ್ತಿದೆ.

ಏಕೆಂದರೆ ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಹೋಗುವುದರಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಶವಾಗಿರುತ್ತದೆ, ಸ್ನಾಯು ಅದರಲ್ಲೇ ಸೇರಿದೆ. ಪಥ್ಯ ಬಿಟ್ಟ ಮೇಲೆ ತೂಕ ಮರಳಿ ಬರುವಾಗ ಕೊಬ್ಬಿನ ಪಾಲೇ ದೊಡ್ಡದು. ವರ್ಷಕ್ಕೊಂದು ಪಥ್ಯ ಹಿಡಿದು ಬಿಡುವ ವೃದ್ಧರು ಹಳೆಯ ತೂಕಕ್ಕೇ ಮರಳಿದರೂ ಪ್ರತಿ ಸುತ್ತಿಗೂ ಸ್ವಲ್ಪ ಹೆಚ್ಚು ಕೊಬ್ಬು, ಸ್ವಲ್ಪ ಕಡಿಮೆ ಬಲದೊಂದಿಗೆ ಮರಳುತ್ತಾರೆ.

ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ ಬಗ್ಗೆಯೂ ಎರಡು ಮಾತು. 165 ಸೆಂಟಿಮೀಟರ್ ಎತ್ತರ, 68 ಕಿಲೋ ತೂಕ ಇರುವವರ ಬಿಎಂಐ, ಜಾಗತಿಕ ಅಳತೆಯಲ್ಲಿ ಅಧಿಕ ತೂಕದ ಗಡಿಯಾದ 25ಕ್ಕೆ ಕೂದಲೆಳೆಯಷ್ಟು ಕಡಿಮೆ. ವಯಸ್ಸಿನೊಂದಿಗೆ ಬೆನ್ನುಹುರಿಯ ಸುತ್ತಲಿನ ಮೂಳೆಗಳು ಕುಗ್ಗಿ ಎತ್ತರ 160ಕ್ಕೆ ಇಳಿದರೆ ಅದೇ 68 ಕಿಲೋಗೆ ಬಿಎಂಐ 26.5 ದಾಟುತ್ತದೆ. ಒಂದು ಗ್ರಾಂ ಕೂಡ ಹೆಚ್ಚದೆ ಆ ವ್ಯಕ್ತಿ ‘ಅಧಿಕ ತೂಕ’ದ ಪಟ್ಟಿಗೆ ಸೇರಿಬಿಡುತ್ತಾರೆ. 65 ದಾಟಿದವರಲ್ಲಿ ಈ ಅಂಕಿ ತುಸು ಹೆಚ್ಚಿದ್ದ ಮಾತ್ರಕ್ಕೆ ಸಾವಿನ ಅಪಾಯ ಹೆಚ್ಚಿಲ್ಲವೆಂದು ದೊಡ್ಡ ವಿಶ್ಲೇಷಣೆಗಳೇ ತೋರಿಸಿವೆ. ಮಂಡಿನೋವು, ಮಧುಮೇಹ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ತೂಕ ಇಳಿಸುವುದರಿಂದ ನಿಜವಾದ ಲಾಭವಿದೆ. ಹಳೆಯ ಫೋಟೊದಲ್ಲಿ ಕಂಡಂತೆ ಕಾಣಬೇಕೆಂಬ ಆಸೆ ಮಾತ್ರ ಇದ್ದರೆ, ಅಷ್ಟಕ್ಕೆ ಸ್ನಾಯುವನ್ನು ಪಣಕ್ಕಿಡುವುದು ಬೇಡವೆಂಬುದು ನನ್ನ ಅಭಿಪ್ರಾಯ.

ಹೊಸ ಆಹಾರಕ್ರಮಗಳೆಂದು ಮಾರಾಟವಾಗುವವು ಎಷ್ಟು ಹಳೆಯವು ಎಂಬುದನ್ನು ನೋಡಿದರೆ ನಗು ಬರುತ್ತದೆ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಶವಸಂಸ್ಕಾರ ವ್ಯವಸ್ಥಾಪಕರು 1862ರಲ್ಲಿ, ಅರವತ್ತೈದರ ಪ್ರಾಯದಲ್ಲಿ, ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲಾಗದಷ್ಟು ದಪ್ಪಗಿದ್ದರು. ಕಾಲಿನ ಕೀಲುಗಳಿಗೆ ಭಾರ ಬೀಳಬಾರದೆಂದು ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಕಿವಿ ಕೇಳಿಸದೆಂದು ಹೋದಾಗ ವೈದ್ಯ ವಿಲಿಯಂ ಹಾರ್ವೆ ಅವರು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಡಿಸಿದರು. ಒಂದು ವರ್ಷದಲ್ಲಿ ಬ್ಯಾಂಟಿಂಗ್ ಸುಮಾರು 21 ಕಿಲೋ ಇಳಿದರು, ಮರುವರ್ಷ ಕಿರುಹೊತ್ತಗೆಯೊಂದನ್ನು ಅಚ್ಚು ಹಾಕಿಸಿ ಹಂಚಿದರು, ಎಂಬತ್ತೊಂದರವರೆಗೂ ಬದುಕಿದರು. ಕಡಿಮೆ ಪಿಷ್ಟದ ಪಥ್ಯದಿಂದ ತೂಕ ಇಳಿಯುವುದು ಸುಳ್ಳಲ್ಲ. ಅದು ಮೊನ್ನೆ ಮೊನ್ನೆ ಯಾರೋ ಕಂಡುಹಿಡಿದ ಗುಟ್ಟೆಂಬುದು ಸುಳ್ಳು.

ಕೀಟೋ ಪಥ್ಯವನ್ನು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಸೂಚಿಸಿದ್ದು ಮೂರ್ಛೆರೋಗಕ್ಕೆ. ಮೊದಲ ವಾರ ಕಿಲೋಗಟ್ಟಲೆ ಇಳಿಯುವುದಕ್ಕೆ ಕಾರಣ ಸರಳವಾಗಿದೆ: ದೇಹ ಕೂಡಿಟ್ಟಿರುವ ಸಕ್ಕರೆಯ ದಾಸ್ತಾನಾದ ಗ್ಲೈಕೋಜೆನ್‌ನ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರು ಇರುತ್ತದೆ, ಅದು ಖರ್ಚಾದಾಗ ನೀರೂ ಹೊರಟುಹೋಗುತ್ತದೆ. ಉಪವಾಸದ ಪ್ರಚಾರಕರು ಬಾಯಿ ತೆರೆದರೆ ನೊಬೆಲ್ ಎನ್ನುತ್ತಾರೆ. ಉಪವಾಸದಲ್ಲಿ ಚುರುಕಾಗುತ್ತದೆಂದು ಅವರು ಹೇಳುವ, ಜೀವಕೋಶ ತನ್ನದೇ ಹಳೆಯ ಭಾಗಗಳನ್ನು ಒಡೆದು ಮರುಬಳಕೆ ಮಾಡಿಕೊಳ್ಳುವ ಕ್ರಿಯೆಯ ಅಧ್ಯಯನಕ್ಕೆ 2016ರಲ್ಲಿ ಯೋಶಿನೊರಿ ಓಸುಮಿ ಅವರಿಗೆ ಆ ಪ್ರಶಸ್ತಿ ಬಂದದ್ದು ನಿಜ, ಆದರೆ ಅವರ ಮುಖ್ಯ ಪ್ರಯೋಗಗಳು ನಡೆದದ್ದು ಯೀಸ್ಟ್ ಮೇಲೆ. ಅದರಿಂದ ನಮ್ಮ ರಾತ್ರಿಯೂಟಕ್ಕೆ ನೇರವಾಗಿ ಜಿಗಿಯುವುದು ಬಹಳ ದೂರದ ಜಿಗಿತ. ರಸದಿಂದ ವಿಷ ತೊಳೆಯುವ ವಿಚಾರಕ್ಕೆ ಹೆಚ್ಚು ಸಮಯ ಕೊಡುವುದಿಲ್ಲ, ಆ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳೂ ಮಾಡುತ್ತಿವೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಔಷಧಿಯ ಡಬ್ಬಿಯ ಮುಂದೆ. ಮೂವತ್ತರ ಹರೆಯದ ಸಲಹೆಗಾರರಿಗೆ ಈ ಡಬ್ಬಿ ಇರುವುದಿಲ್ಲ, ನಮ್ಮಲ್ಲಿ ಅನೇಕರಿಗೆ ಇದೆ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಎಂದಿನ ಪ್ರಮಾಣವನ್ನೇ ತೆಗೆದುಕೊಂಡು ದಿನವಿಡೀ ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಗೊಂದಲ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಎಸ್‌ಜಿಎಲ್‌ಟಿ-2 ಗುಂಪಿನ ಮಧುಮೇಹದ ಮಾತ್ರೆ ನುಂಗುವವರು ಕೀಟೋ ಹಿಡಿದರೆ ರಕ್ತ ಆಮ್ಲೀಯವಾಗುವ ಕೀಟೊಆಸಿಡೋಸಿಸ್ ಬರಬಹುದು, ಅದೂ ಸಕ್ಕರೆಯ ಅಂಕಿ ಅಷ್ಟೇನೂ ಏರದೆ, ಹಾಗಾಗಿ ಮನೆಯ ಗ್ಲೂಕೋಮೀಟರ್ ನೋಡಿ ಎಲ್ಲ ಸರಿಯಿದೆಯೆಂದು ಸುಮ್ಮನಿರುವ ಸಾಧ್ಯತೆ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ತಿನ್ನಬಾರದೆಂದಿಲ್ಲ, ಆದರೆ ಇದ್ದಕ್ಕಿದ್ದಂತೆ ದಿನಕ್ಕೆರಡು ಲೋಟ ಸೊಪ್ಪಿನ ರಸ ಕುಡಿಯತೊಡಗಿದರೆ ಅದರ ವಿಟಮಿನ್ ಕೆ ಆ ಔಷಧಿಯ ಪರಿಣಾಮವನ್ನು ತಗ್ಗಿಸಿಬಿಡುತ್ತದೆ. 1930ರ ದಶಕದಿಂದ ಆಗಾಗ ತಲೆಯೆತ್ತುವ ಗ್ರೇಪ್‌ಫ್ರೂಟ್ ಪಥ್ಯವನ್ನು ನೋಡಿ: ಚಕ್ಕೋತದ ಬಳಗದ ಆ ಹಣ್ಣು ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳು ಹಾಗೂ ಕೆಲವು ರಕ್ತದೊತ್ತಡದ ಮಾತ್ರೆಗಳು ಕರುಳಿನಲ್ಲಿ ಒಡೆಯುವುದನ್ನು ತಡೆದು, ರಕ್ತದಲ್ಲಿ ಅವುಗಳ ಪ್ರಮಾಣವನ್ನು ಏರಿಸುತ್ತದೆ. ಉಪ್ಪು ಬಿಡಲು ಹೊರಟವರು ಕೊಳ್ಳುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ದುರ್ಬಲವಿದ್ದರೆ ಅಥವಾ ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆಗಳಿದ್ದರೆ ಅದು ಹೃದಯದ ಬಡಿತಕ್ಕೇ ತೊಂದರೆ ತರಬಹುದು.

ಪಥ್ಯ ಫಲ ಕೊಟ್ಟಾಗಲೂ ಎಚ್ಚರ ಬೇಕು. ತೂಕ ಇಳಿದಂತೆ ರಕ್ತದೊತ್ತಡವೂ ಇಳಿಯುತ್ತದೆ, ಹಳೆಯ ತೂಕಕ್ಕೆ ಬರೆದ ಮಾತ್ರೆ ಹೊಸ ದೇಹಕ್ಕೆ ಜಾಸ್ತಿಯಾಗುತ್ತದೆ, ರಾತ್ರಿ ಹಾಸಿಗೆಯಿಂದ ಎದ್ದೊಡನೆ ತಲೆ ಸುತ್ತಿ ಬೀಳುವುದು ಹೀಗೆಯೇ. ಮಾತ್ರೆಯನ್ನು ನಾವೇ ನಿಲ್ಲಿಸುವುದು ಬೇಡ, ಆದರೆ ಪಥ್ಯ ಆರಂಭಿಸುವ ಮೊದಲೇ ಎಲ್ಲ ಔಷಧಿಗಳ ಚೀಟಿಯನ್ನು ವೈದ್ಯರ ಮುಂದಿಟ್ಟು ಯಾವುದರ ಪ್ರಮಾಣ ಬದಲಾಗಬೇಕಾದೀತು ಎಂದು ಕೇಳಬೇಕು. ಹಸಿವು ತಗ್ಗಿಸುವ ಹೊಸ ಚುಚ್ಚುಮದ್ದುಗಳ ಬಗ್ಗೆ ಹಲವರು ಕೇಳಿದ್ದೀರಿ. ಅವುಗಳಲ್ಲೊಂದಾದ ಸೆಮಾಗ್ಲುಟೈಡ್‌ನ ಪ್ರಮುಖ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇಕಡಾ 15ರಷ್ಟು ತೂಕ ಇಳಿಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ಅದನ್ನು ತೆಗೆದುಕೊಳ್ಳಬೇಕೇ ಎಂಬುದು ವೈದ್ಯರೊಂದಿಗೆ ಕೂತು ನಿರ್ಧರಿಸುವ ವಿಷಯ, ಸ್ನಾಯುವಿನ ಪ್ರಶ್ನೆ ಅಲ್ಲಿಯೂ ತಪ್ಪಿದ್ದಲ್ಲ.

ಹಾಗಾದರೆ ಮಾಡಬೇಕಾದದ್ದೇನು? 2017ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನಾನು ಬಹಳ ನೆಚ್ಚುತ್ತೇನೆ. 65 ದಾಟಿದ 160 ಮಂದಿ ಸ್ಥೂಲದೇಹಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪನ್ನು ಎಂದಿನಂತೆಯೇ ಬಿಟ್ಟು, ಉಳಿದ ಮೂರಕ್ಕೆ ಊಟದ ಹಿಡಿತದ ಜೊತೆಗೆ ನಡಿಗೆಯಂಥ ವ್ಯಾಯಾಮ, ಭಾರ ಎತ್ತುವ ವ್ಯಾಯಾಮ, ಅಥವಾ ಎರಡನ್ನೂ ಕೊಟ್ಟರು. ಈ ಮೂರೂ ಗುಂಪುಗಳು ಸುಮಾರು ಶೇಕಡಾ 9ರಷ್ಟು ತೂಕ ಕಳೆದುಕೊಂಡವು. ತೂಕದ ಯಂತ್ರವನ್ನಷ್ಟೇ ಕೇಳಿದ್ದರೆ ಮೂರೂ ಸಮ ಎನ್ನುತ್ತಿತ್ತು. ಆದರೆ ಕೊಬ್ಬಲ್ಲದ ಅಂಶ ನಡಿಗೆಯ ಗುಂಪಿನಲ್ಲಿ ಶೇಕಡಾ 5ರಷ್ಟು, ಎರಡನ್ನೂ ಮಾಡಿದವರಲ್ಲಿ 3ರಷ್ಟು, ಭಾರ ಎತ್ತಿದವರಲ್ಲಿ 2ರಷ್ಟು ಇಳಿದಿತ್ತು. ಸೊಂಟದ ಮೂಳೆಯ ಸಾಂದ್ರತೆಯೂ ನಡಿಗೆಯವರಲ್ಲೇ ಹೆಚ್ಚು ತಗ್ಗಿತ್ತು. ದೈನಂದಿನ ಕೆಲಸಗಳ ಸಾಮರ್ಥ್ಯ ಅತಿ ಹೆಚ್ಚು ಸುಧಾರಿಸಿದ್ದು ಎರಡನ್ನೂ ಮಾಡಿದವರಲ್ಲಿ. ‘ನಾನು ದಿನಾ ವಾಕಿಂಗ್ ಹೋಗುತ್ತೇನೆ, ಅಷ್ಟು ಸಾಕು’ ಎನ್ನುವ ನನ್ನ ಓರಗೆಯವರಿಗೆ ನಾನು ಕೊಡುವ ಉತ್ತರ ಇದೇ. ಇನ್ನು ಈ ವಯಸ್ಸಿನಲ್ಲಿ ಭಾರ ಎತ್ತುವುದೇ ಎಂದು ಹುಬ್ಬೇರಿಸುವವರಿಗೆ 1990ರ ಇನ್ನೊಂದು ಅಧ್ಯಯನವಿದೆ: ತೊಂಬತ್ತರ ಆಸುಪಾಸಿನ ಕೆಲವೇ ಮಂದಿ ತಜ್ಞರ ಕಣ್ಗಾವಲಿನಲ್ಲಿ ಎಂಟು ವಾರ ಕಾಲಿನ ವ್ಯಾಯಾಮ ಮಾಡಿ ತಮ್ಮ ಬಲವನ್ನು ಸರಾಸರಿ ಎರಡೂವರೆ ಪಟ್ಟಿಗೂ ಮೇಲಕ್ಕೇರಿಸಿಕೊಂಡರು.

ತಟ್ಟೆಯ ವಿಚಾರಕ್ಕೆ ಬಂದರೆ, ಪ್ರೋಟೀನಿನ ಸಾಮಾನ್ಯ ಶಿಫಾರಸು ದೇಹತೂಕದ ಪ್ರತಿ ಕಿಲೋಗೆ 0.8 ಗ್ರಾಂ. ವೃದ್ಧರ ಸ್ನಾಯು ಪ್ರೋಟೀನಿಗೆ ಮೊದಲಿನಷ್ಟು ಚುರುಕಾಗಿ ಸ್ಪಂದಿಸದ ಕಾರಣ 65 ದಾಟಿದವರಿಗೆ 1.0ರಿಂದ 1.2 ಗ್ರಾಂ ಬೇಕೆಂದು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2013ರಲ್ಲಿ ಹೇಳಿತು. 60 ಕಿಲೋ ಇರುವವರಿಗೆ ಅದು ದಿನಕ್ಕೆ 60ರಿಂದ 72 ಗ್ರಾಂ. ಮೂತ್ರಪಿಂಡದ ಕಾಯಿಲೆ ಇರುವವರು ಈ ಲೆಕ್ಕವನ್ನು ವೈದ್ಯರನ್ನು ಕೇಳದೆ ಹಿಡಿಯಕೂಡದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ, ಬೇಯಿಸಿದ ನೂರು ಗ್ರಾಂ ಬೇಳೆಯಲ್ಲಿ ಸುಮಾರು 9 ಗ್ರಾಂ ಇರುತ್ತದೆಂದು ಕೂಡಿಸಿ ನೋಡಿದರೆ, ಬೆಳಗಿನ ಹೊತ್ತು ಬರೀ ಚಹಾ ಬಿಸ್ಕತ್ತಿನಲ್ಲಿ ಕಳೆಯುವವರು ಎಲ್ಲಿ ಹಿಂದೆ ಬೀಳುತ್ತಾರೆಂಬುದು ತಾನಾಗಿಯೇ ಗೊತ್ತಾಗುತ್ತದೆ. ಹಾಗಾಗಿಯೇ ನನ್ನ ಬೆಳಗಿನ ತಟ್ಟೆಯಲ್ಲಿ ಮೊದಲು ಬೀಳುವುದು ಪ್ರೋಟೀನು. ಕಡಿತ ಮಾಡುವುದಾದರೆ ಸಿಹಿಪಾನೀಯ, ಕರಿದದ್ದು, ಸಂಜೆಯ ಕುರುಕಲಿನಿಂದ ಆರಂಭಿಸಬೇಕು. ವಾರಕ್ಕೆ ಅರ್ಧ ಕಿಲೋಗಿಂತ ಅವಸರ ಬೇಡ. ಬಹು ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚುತ್ತದೆ. ವಯಸ್ಸಾದಂತೆ ಬಾಯಾರಿಕೆಯೂ ಮಂಕಾಗುವುದರಿಂದ ನೀರನ್ನು ನೆನಪಿಟ್ಟುಕೊಂಡೇ ಕುಡಿಯಬೇಕು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರು ವಿಟಮಿನ್ ಬಿ12 ಪರೀಕ್ಷೆಯ ಬಗ್ಗೆ ವಿಚಾರಿಸಲಿ.

ಇಷ್ಟು ಹೊತ್ತು ಹೇಳಿದ್ದು ಬೇಕೆಂದೇ ತೂಕ ಇಳಿಸುವವರ ಮಾತು. ಪ್ರಯತ್ನವಿಲ್ಲದೆಯೇ ಇಳಿಯುವ ತೂಕ ಬೇರೆಯೇ ಸಂಗತಿ. ಆರು ತಿಂಗಳಿಂದ ಒಂದು ವರ್ಷದೊಳಗೆ ದೇಹತೂಕದ ಶೇಕಡಾ 5ರಷ್ಟು, ಅಂದರೆ 60 ಕಿಲೋದವರಲ್ಲಿ 3 ಕಿಲೋ, ತಾನಾಗಿಯೇ ಕಡಿಮೆಯಾದರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಥೈರಾಯ್ಡ್, ಕ್ಯಾನ್ಸರ್, ಖಿನ್ನತೆ, ಯಾವುದೋ ಮಾತ್ರೆಯ ಅಡ್ಡಪರಿಣಾಮ, ಅಥವಾ ಹಲ್ಲಿನ ಸೆಟ್ಟು ಸರಿಯಾಗಿ ಕೂರದೆ ಅಗಿಯಲಾಗದಿರುವುದು, ಕಾರಣ ಏನೂ ಇರಬಹುದು. ವಿಚಿತ್ರವೆಂದರೆ ಅಂಥವರಿಗೆ ಸಿಗುವುದು ಹೊಗಳಿಕೆ: ‘ಎಷ್ಟು ಸಣ್ಣಗಾಗಿದ್ದೀರಿ, ಏನು ಮಾಡಿದಿರಿ?’ ಎಂದು ಮದುವೆ ಮನೆಯಲ್ಲಿ ನಾಲ್ಕು ಜನ ಸುತ್ತುವರಿಯುತ್ತಾರೆ. ಅವರು ‘ಏನೂ ಮಾಡಿಲ್ಲ’ ಎಂದರೆ ಆ ಮಾತನ್ನು ವಿನಯವೆಂದು ತೇಲಿಸಿಬಿಡಬೇಡಿ. ಯಾವಾಗಿನಿಂದ ಹೀಗಾಯಿತು, ಊಟ ಸೇರುತ್ತಿದೆಯೇ, ಅಗಿಯಲು ತೊಂದರೆಯಿದೆಯೇ ಎಂದು ಪಕ್ಕಕ್ಕೆ ಕರೆದು ಕೇಳಿ, ಆ ವಾರವೇ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ.