ಹಿಂದಿನ ಸೀಟು, ಮುಂದಿನ ಸೀಟು

ಕೇಳುಗರಿಗೆ ನಮಸ್ಕಾರ. ಇವತ್ತು ‘ಡ್ರೈವಿಂಗ್ ಮಿಸ್ ಡೈಸಿ’ ಸಿನಿಮಾದ ಮಾತು.

ಒಂದು ಡಬ್ಬಿ ಸಾಲ್ಮನ್ ಮೀನು, ಬೆಲೆ 33 ಸೆಂಟ್. ಅಡುಗೆಮನೆಯಲ್ಲಿ ಅದು ಕಾಣೆಯಾದದ್ದೇ ತಡ, ಡ್ರೈವರ್ ಹೋಕ್ ಕಳ್ಳನೆಂದು ಡೈಸಿ ಮಗನನ್ನು ಕರೆಸುತ್ತಾಳೆ. ಯಾರೂ ಬಾಯಿ ತೆರೆಯುವ ಮೊದಲೇ ಹೋಕ್ ಹೊಸ ಡಬ್ಬಿ ತಂದುಕೊಡುತ್ತಾನೆ: ನನಗೆಂದು ಉಳಿಸಿದ್ದ ಮಾಂಸ ಗಟ್ಟಿಯಾಗಿತ್ತು, ಇದನ್ನು ತಿಂದೆ. ಮುಗಿಯಿತು ವಿಚಾರಣೆ.

1989ರ ಈ ಚಿತ್ರ ನಡೆಯುವುದು ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾದಲ್ಲಿ, 1948ರಿಂದ 1973ರವರೆಗೆ. ಡೈಸಿ ಎಪ್ಪತ್ತು ದಾಟಿದ ಯಹೂದಿ ವಿಧವೆ, ಹಿಂದೆ ಶಾಲೆಯ ಟೀಚರು. ಹೋಕ್ ಕಪ್ಪು ಜನಾಂಗದವನು. ಅವಳು ಕಾರನ್ನು ಪಕ್ಕದ ಮನೆಯ ತೋಟಕ್ಕೆ ನುಗ್ಗಿಸಿದ ಮೇಲೆ ಮಗ ಬೂಲಿ ಇವನನ್ನು ನೇಮಿಸಿದ್ದು. ಅವಳು ಕಾರು ಹತ್ತುವುದಕ್ಕೇ ಆರು ದಿನ ಬೇಕಾಯಿತು.

ಇದು ಮೊದಲು ಆಲ್ಫ್ರೆಡ್ ಉಹ್ರಿ ಬರೆದ ನಾಟಕ. ರಂಗದ ಮೇಲೆ ಸ್ಟೂಲುಗಳೇ ಕಾರು. ಸಿನಿಮಾಕ್ಕೆ ನಿಜವಾದ ಕಾರು ಬಂತು, ಅದರ ಜೊತೆಗೆ ಅನುಕೂಲವೂ ಬಂತು. ಕ್ಯಾಮೆರಾವನ್ನು ಮುಂದಿನ ಗಾಜಿನಾಚೆ ಇಟ್ಟರೆ ಎರಡು ಮುಖವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಇಬ್ಬರೂ ನೋಡುವುದು ಮಾತ್ರ ಒಂದೇ ದಿಕ್ಕಿಗೆ. ಮುಖ ನೋಡದೆ ಮಾತಾಡಿದರೆ ಜಗಳವೂ ಸಲೀಸು, ಸಲಿಗೆಯೂ ಸಲೀಸು. ಆದರೆ ಯಾರು ಎಲ್ಲಿ ಕೂರಬೇಕೆಂಬುದು ಬದಲಾಗುವುದಿಲ್ಲ.

ಅಲಬಾಮಾದ ದಾರಿಯಲ್ಲಿ ಹೋಕ್ ಮೂತ್ರಕ್ಕೆಂದು ಕಾರು ನಿಲ್ಲಿಸಿದಾಗ ಡೈಸಿ ಸಿಡುಕುತ್ತಾಳೆ, ಪೆಟ್ರೋಲ್ ಬಂಕಿನಲ್ಲೇ ಮುಗಿಸಬಾರದಿತ್ತೆ ಎಂದು. ಅಲ್ಲಿಯ ಶೌಚಾಲಯಕ್ಕೆ ಕಪ್ಪು ಜನರಿಗೆ ಪ್ರವೇಶವಿಲ್ಲ. ಅದು ಅವಳಿಗೆ ಹೊಳೆದೇ ಇಲ್ಲ.

1958ರ ಅಕ್ಟೋಬರಿನಲ್ಲಿ ಅವಳ ಪ್ರಾರ್ಥನಾ ಮಂದಿರದಲ್ಲೇ ಬಾಂಬು ಸಿಡಿಯಿತು. ಇದು ನಿಜವಾಗಿ ನಡೆದ ಘಟನೆ. ಹೋಕ್ ಆಗ, ತಾನು ಹುಡುಗನಾಗಿದ್ದಾಗ ಗೆಳೆಯನ ತಂದೆಯನ್ನು ಮರಕ್ಕೆ ನೇತುಹಾಕಿದ್ದನ್ನು ನೆನೆಯುತ್ತಾನೆ. ಅದನ್ನೇಕೆ ಈಗ ಹೇಳುತ್ತೀಯ ಎನ್ನುತ್ತಾಳೆ ಡೈಸಿ.

ಚಿತ್ರದ ತಿರುಳಿರುವುದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಗೌರವಾರ್ಥ ನಡೆಯುವ ಭೋಜನದ ದೃಶ್ಯದಲ್ಲಿ. ವ್ಯಾಪಾರಕ್ಕೆ ಪೆಟ್ಟು ಬಿದ್ದೀತೆಂದು ಬೂಲಿ ಬರುವುದಿಲ್ಲ. ಕಾರು ಅಲ್ಲಿಗೆ ತಲುಪುವ ಹೊತ್ತಿಗೆ ಡೈಸಿ ಹೋಕ್‌ನನ್ನು ಕರೆದೂ ಕರೆಯದಂತೆ ಕರೆಯುತ್ತಾಳೆ. ಕರೆಯುವುದಿದ್ದರೆ ಮೊದಲೇ ಕರೆಯಬೇಕಿತ್ತು, ಅವನು ಒಪ್ಪುವುದಿಲ್ಲ. ಒಳಗೆ ಅವಳ ಪಕ್ಕದ ಕುರ್ಚಿ ಖಾಲಿ. ಹೊರಗೆ ಅವನು ಕಿಂಗ್ ಅವರ ಅದೇ ಭಾಷಣವನ್ನು ಕಾರಿನ ರೇಡಿಯೋದಲ್ಲಿ ಕೇಳುತ್ತಾನೆ. ಚಿತ್ರ ಕಹಿಯನ್ನೆಲ್ಲ ಸಿಹಿಮಾಡಿದೆ ಎಂದು ದೂರುವವರು ಈ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು. ಬರೀ ಸ್ನೇಹದ ಕಥೆಯೆಂದು ಹೊಗಳುವವರೂ ಅಷ್ಟೇ.

ಡೈಸಿಯಾಗಿ ನಟಿಸಿದ ಜೆಸ್ಸಿಕಾ ಟ್ಯಾಂಡಿಗೆ 80ನೇ ವಯಸ್ಸಿನಲ್ಲಿ ಆಸ್ಕರ್ ಬಂತು. ಶ್ರೇಷ್ಠ ಚಿತ್ರವೂ ಇದೇ ಆಯಿತು. ನಿರ್ದೇಶಕ ಬ್ರೂಸ್ ಬೆರೆಸ್‌ಫರ್ಡ್‌ಗೆ ನಾಮನಿರ್ದೇಶನವೂ ಸಿಗಲಿಲ್ಲ, ವಿಚಿತ್ರ!

ಕೊನೆಯಲ್ಲಿ ಡೈಸಿ ವೃದ್ಧಾಶ್ರಮದಲ್ಲಿದ್ದಾಳೆ. ಹೋಕ್‌ನ ಕಣ್ಣೂ ಮಂಜಾಗಿ ಕಾರು ಓಡಿಸುವುದನ್ನು ನಿಲ್ಲಿಸಿದ್ದಾನೆ. ಟೇಬಲ್ಲಿನ ಬಳಿ ಕೂತು, ಕುಂಬಳಕಾಯಿ ಪೈಯನ್ನು ಅವಳ ಬಾಯಿಗೆ ತುತ್ತುತುತ್ತಾಗಿ ಇಡುತ್ತಾನೆ.